ಲಗ್ನಪತ್ರಿಕೆಗೆ ಮುಂಚೆ ವಯಸ್ಸು ಕೇಳಿ

ಮದುವೆ ಸೀಜನ್ ಬಂತೆಂದರೆ ಪೇಟೆಗೆ ಹಬ್ಬ. ಪ್ರೆಸ್ಸಿನವರಿಗೆ ಪುರುಸೊತ್ತಿಲ್ಲ, ಶಾಮಿಯಾನದವರು ಕೈಗೆ ಸಿಗುವುದಿಲ್ಲ, ಜವಳಿ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಈ ಗಡಿಬಿಡಿಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಹುಡುಗಿಗೆ ವಯಸ್ಸೆಷ್ಟು?

ಕೇಳಿದರೆ ಉತ್ತರ ರೆಡಿ. 'ಹದಿನೆಂಟು ತುಂಬ್ತಾ ಬಂತು ಸ್ವಾಮಿ!' ತುಂಬುತ್ತಾ ಬಂದದ್ದು ಬೇರೆ, ತುಂಬಿದ್ದು ಬೇರೆ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಲೇಬೇಕು. ತಂದೆ ತಾಯಿ ಒಪ್ಪಿದರೂ, ಹುಡುಗಿಯೇ ಹೂಂ ಅಂದರೂ ಈ ಕಾನೂನಿನಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ.

ಇದು ನಿನ್ನೆ ಮೊನ್ನೆಯ ಮಾತಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. 1929ರ ಶಾರದಾ ಕಾಯ್ದೆ ಹೆಣ್ಣಿಗೆ 14, ಗಂಡಿಗೆ 18 ಎಂದಿತು. 1978ರ ತಿದ್ದುಪಡಿ ಅದನ್ನು 18 ಮತ್ತು 21ಕ್ಕೆ ಏರಿಸಿತು. 2006ರ ಕಾಯ್ದೆಯಲ್ಲೂ ಒಂದು ಸಂದು ಉಳಿದಿತ್ತು. ಆಗಿಹೋದ ಮದುವೆ ರದ್ದಾಗಬೇಕಾದರೆ ಸಾಮಾನ್ಯವಾಗಿ ಆ ಹುಡುಗಿಯ ಕಡೆಯಿಂದಲೇ ಕೋರ್ಟಿಗೆ ಅರ್ಜಿ ಹೋಗಬೇಕಿತ್ತು. ಹದಿನಾರರ ಹುಡುಗಿ ಗಂಡನ ಮನೆಯವರ ಎದುರು ಕೋರ್ಟು ಹತ್ತುತ್ತಾಳೆಯೇ? 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಆ ಸಂದು ಮುಚ್ಚಿತು. ಈಗ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಬಿದ್ದರೂ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ.

ಪೇಟೆಯವರು ಗಮನಿಸಬೇಕಾದ ಮಾತು ಇನ್ನೊಂದಿದೆ. ಶಿಕ್ಷೆ ಬರೀ ಹೆತ್ತವರಿಗಲ್ಲ. ಮದುವೆ ನಡೆಸಿದವರಿಗೆ, ಮಾಡಿಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 'ನಂಗೆ ಗೊತ್ತಿರ್ಲಿಲ್ಲ' ಅಂದರೆ ಸಾಲದು. ಬಾಲ್ಯವಿವಾಹವಲ್ಲವೆಂದು ನಂಬಲು ಕಾರಣವಿತ್ತೆಂದು ತಾವೇ ರುಜುವಾತು ಮಾಡಬೇಕು. 'ಕುಮ್ಮಕ್ಕು' ಎಂಬ ಮಾತಿನೊಳಗೆ ಯಾರು ಯಾರು ಬೀಳುತ್ತಾರೆಂದು ಪೊಲೀಸ್ ಠಾಣೆಯಲ್ಲಿ ಕೂತು ತಿಳಿಯುವುದಕ್ಕಿಂತ, ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಶಾಲೆಯ ದಾಖಲೆಯದೋ ಜನನ ಪತ್ರದ್ದೋ ಒಂದು ನಕಲು ಕೇಳುವುದು ಜಾಣತನ. ಆಧಾರ್ ಕಾರ್ಡು ತೋರಿಸಿದರೆ ಸಾಲದು. ವಯಸ್ಸು ನಿರ್ಧರಿಸಲು ಅದು ತಕ್ಕ ದಾಖಲೆಯಲ್ಲವೆಂದು ಸುಪ್ರೀಂ ಕೋರ್ಟೇ 2024ರಲ್ಲಿ ಹೇಳಿದೆ.

ಹೆತ್ತವರೆಲ್ಲ ಕಟುಕರೇನಲ್ಲ. ಗುಳೆ ಹೋಗುವವರಿಗೆ ಬೆಳೆದ ಮಗಳನ್ನು ಯಾರ ಬಳಿ ಬಿಟ್ಟು ಹೋಗುವುದೆಂಬ ಭಯ. ತಡವಾದರೆ ವರದಕ್ಷಿಣೆ ಏರುತ್ತದೆಂಬ ಭಯ. ಹಾಸ್ಟೆಲಿನಲ್ಲೊಂದು ಸೀಟು, ಹತ್ತಿರದಲ್ಲೊಂದು ಹೈಸ್ಕೂಲು ಇದ್ದರೆ ಅರ್ಧ ಭಯ ಹೋದೀತು. ಅದನ್ನು ಒದಗಿಸದೆ, ಮುಹೂರ್ತದ ದಿನ ಜೀಪು ತಂದು ಮಂಟಪದ ಮುಂದೆ ನಿಲ್ಲಿಸಿದರೆ ಅಧಿಕಾರಿಗಳ ಕೆಲಸ ಮುಗಿಯಿತೇ? ಇವತ್ತು ನಿಂತ ಮದುವೆ ನಾಳೆ ಬೇರೆ ಊರಿನ ಗುಡಿಯಲ್ಲಿ ನಡೆಯುವುದಿಲ್ಲವೆಂದು ಗ್ಯಾರಂಟಿ ಏನು? ಮುಂಚಿತವಾಗಿ ಸುದ್ದಿ ಸಿಕ್ಕರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಆ ಆಜ್ಞೆ ಮೀರಿ ನಡೆದ ಮದುವೆಯೂ ಊರ್ಜಿತವಲ್ಲ.

ಆ ಸುದ್ದಿ ಕೊಡಬೇಕಾದವರು ಊರಿನವರೇ. ದಿನಾ ಬ್ಯಾಗು ನೇತುಹಾಕಿಕೊಂಡು ಬಸ್ಸು ಹತ್ತುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ವಾರದಿಂದ ಕಾಣುತ್ತಿಲ್ಲ, ಮನೆ ಮುಂದೆ ಚಪ್ಪರದ ಗಳ ಇಳಿದಿದೆ ಎಂದರೆ ಇನ್ನೇನು ಪುರಾವೆ ಬೇಕು? 1098ಕ್ಕೆ ಫೋನು ಮಾಡಲು ಕಾಸು ಬೇಕಿಲ್ಲ. ಚಪ್ಪರದ ಊಟ ಉಂಡು ಬಂದ ಮೇಲೆ 'ಪಾಪ, ಎಳೇ ಹುಡುಗಿ' ಎನ್ನುವುದರಿಂದ ಆ ಮಗುವಿಗೆ ಆಗುವ ಉಪಕಾರ ಏನೂ ಇಲ್ಲ.