ಗಾಳಿ ಯಾರ ಸ್ವತ್ತು?

ಗಾಳಿಯ ವಿದ್ಯುತ್ತು ನೆಚ್ಚತಕ್ಕದ್ದಲ್ಲ, ಬೀಸಿದರೆ ಉಂಟು, ಬೀಸದಿದ್ದರೆ ಇಲ್ಲ ಎಂದು ಒಂದು ಪಂಗಡ ಸಾರುತ್ತಿದೆ. ಗಾಳಿಯೊಂದಿದ್ದರೆ ಸಾಕು, ಕಲ್ಲಿದ್ದಲೂ ಬೇಡ, ಅಣೆಕಟ್ಟೂ ಬೇಡ ಎಂದು ಇನ್ನೊಂದು ಪಂಗಡ ಸಾರುತ್ತಿದೆ. ಈ ಗದ್ದಲಕ್ಕೆ ಕಿವಿಗೊಡುವ ಮೊದಲು ಗಿರಣಿಯ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ತಕ್ಕಡಿಯನ್ನು ತಮ್ಮ ಕೈಗೇ ತೆಗೆದುಕೊಳ್ಳಬೇಕೆಂದು ನಾವು ಹೇಳುತ್ತೇವೆ.

ಮೊದಲು ನೀರನ್ನು ತೂಗೋಣ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಮೈಸೂರು ಸರ್ಕಾರ ವಿದ್ಯುತ್ತು ಹುಟ್ಟಿಸಿತು. ಅದು ಮೊದಲು ಹೋದದ್ದು ಎಲ್ಲಿಗೆ? ಕೋಲಾರದಲ್ಲಿ ಚಿನ್ನ ತೋಡುತ್ತಿದ್ದ ಬ್ರಿಟಿಷ್ ಕಂಪನಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು; ಮುಳುಗಡೆಯಾದ ಊರುಗಳ ಎಷ್ಟೋ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ನೀರಾದರೂ ಮಳೆಯ ಅಧೀನ. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯ ಸರ್ಕಾರ ವಿದ್ಯುತ್ತಿಗಾಗಿ ಪಂಜಾಬ್, ಉತ್ತರ ಪ್ರದೇಶಗಳ ಮುಂದೆ ಕೈಚಾಚಬೇಕಾಯಿತು.

ಕಲ್ಲಿದ್ದಲು ನಮ್ಮ ನೆಲದಲ್ಲಿ ಇಲ್ಲ. ರಾಯಚೂರಿನ ಸ್ಥಾವರ ೧೯೮೫ರಿಂದಲೂ ಸಿಂಗರೇಣಿ ಮೊದಲಾದ ಹೊರಗಿನ ಗಣಿಗಳಿಂದ ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುತ್ತಿದೆ. ಬೂದಿ ಸುತ್ತಲಿನ ಹಳ್ಳಿಗಳ ಪಾಲು. ಇಂಧನದ ಬೆಲೆ ಏರಿದರೆ ಅದು ಹೊಂದಾಣಿಕೆ ಶುಲ್ಕವೆಂಬ ಹೆಸರಿನಲ್ಲಿ ನಮ್ಮ ಬಿಲ್ಲಿಗೆ ಇಳಿಯುತ್ತದೆ.

ಕೈಗಾದ ಅಣುಸ್ಥಾವರ ಹಗಲಿರುಳು ನಡೆಯುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಅದರ ಮೊದಲನೆಯ ಘಟಕ ೨೦೧೮ರ ಕೊನೆಯವರೆಗೆ ಎಡೆಬಿಡದೆ ೯೬೨ ದಿನ ನಡೆಯಿತು. ಆದರೆ ೧೯೮೯ರಲ್ಲಿ ಕಟ್ಟಲಾರಂಭಿಸಿದ ಆ ಸ್ಥಾವರ ವಿದ್ಯುತ್ತು ಕೊಡಲು ೨೦೦೦ನೆಯ ಇಸವಿ ಆಯಿತು. ಅಷ್ಟು ಕಾಲ ಕಾಯುವವರು ಯಾರು?

ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಬಿಸಿಲಿನಿಂದ ೨,೦೫೦ ಮೆಗಾವಾಟ್ ತೆಗೆಯುವ ವ್ಯವಸ್ಥೆಯಾಗಿದೆ. ಜಮೀನುಳ್ಳವನಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನನಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಮೇಲಾಗಿ, ಅಂಗಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಇನ್ನು ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡಗಳ ಮೇಲೆ ಯಂತ್ರಗಳು ಸಾಲುಗಟ್ಟಿ ನಿಂತಿರುವುದು ಈ ಕಾರಣದಿಂದ. ಅದಕ್ಕೆ ಇಂಧನದ ಖರ್ಚಿಲ್ಲ. ಯಂತ್ರದ ಬುಡದ ಸುತ್ತ ಉಳುಮೆ ನಡೆಯಬಲ್ಲದು. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರದ ಹರಾಜಿನಲ್ಲಿ ದರ ಯೂನಿಟ್ಟಿಗೆ ೩ ರೂಪಾಯಿ ೪೬ ಪೈಸೆಗೆ ಇಳಿಯಿತು. ಗಾಳಿ ಭರದಿಂದ ಬೀಸುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಪಂಪು, ಫ್ಯಾನುಗಳೆಲ್ಲ ತಿರುಗುವ ಬೇಸಗೆಯಲ್ಲಿ ಅದು ಸೊರಗುತ್ತದೆ. ದೋಷ ನಿಜವೇ. ಆದರೆ ಗಾಳಿ ಬೀಸುವ ದಿನಗಳಲ್ಲಿ ಲಿಂಗನಮಕ್ಕಿಯ ನೀರನ್ನು ಬಿಡದೆ ಉಳಿಸಿಕೊಂಡರೆ ಅದೇ ನೀರು ಬೇಸಗೆಗೆ ಒದಗುತ್ತದೆ. ಗಾಳಿಯೂ ನೀರೂ ಪ್ರತಿಸ್ಪರ್ಧಿಗಳಲ್ಲ, ಒಂದೇ ನೊಗದ ಎತ್ತುಗಳು.

ಹಾಗಾದರೆ ನಮ್ಮ ತಕರಾರು ಏನು? ಅದು ಗಾಳಿಯ ಮೇಲಲ್ಲ, ಅದರ ಒಡೆತನದ ಮೇಲೆ. ೨೦೦೫ರ ವಿದ್ಯುತ್ ನಿಯಮಗಳಂತೆ, ಬಳಕೆದಾರರು ಸ್ಥಾವರದಲ್ಲಿ ಶೇಕಡಾ ೨೬ರಷ್ಟು ಪಾಲು ಹೊಂದಿ, ಉತ್ಪಾದನೆಯಲ್ಲಿ ಶೇಕಡಾ ೫೧ರಷ್ಟನ್ನು ತಾವೇ ಬಳಸಿದರೆ ಅದು ಸ್ವಂತ ಸ್ಥಾವರವೆನಿಸುತ್ತದೆ. ಬಡವರ ದರ ತಗ್ಗಿಸಲು ದೊಡ್ಡ ಬಳಕೆದಾರರು ತೆರಬೇಕಾದ ಸರ್ಚಾರ್ಜಿನಿಂದ ಅದಕ್ಕೆ ವಿನಾಯಿತಿ. ಲಾಭದ ಬೆಟ್ಟವನ್ನು ಹಿಡಿದು ಅಗ್ಗದ ಗಾಳಿಯನ್ನು ದೊಡ್ಡ ಕಾರ್ಖಾನೆಗಳು ಕೊಂಡೊಯ್ಯುತ್ತವೆ. ಕಂಬ, ತಂತಿಗಳ ಖರ್ಚು ಹೊರುವ ಭಾರ ಉಳಿದವರ ಹೆಗಲಿಗೆ ಜಾರುತ್ತದೆ. ೨೦೨೩ರ ಗೃಹಜ್ಯೋತಿ ಮನೆಯ ಮೀಟರಿಗೆ. ಕಿರಾಣಿ ಅಂಗಡಿಯ ಮೀಟರಿಗಲ್ಲ. ೧೯೦೨ರಲ್ಲಿ ನೀರಿಗೆ ಆದದ್ದೇ ಇಂದು ಗಾಳಿಗೂ ಆಗುತ್ತಿದೆ: ಮೊದಲು ಧಣಿಗೆ, ಆಮೇಲೆ ಬೀದಿಗೆ.

ನಮ್ಮ ಬೇಡಿಕೆಗಳು ಸ್ಪಷ್ಟ. ಸರ್ಕಾರಿ ಬೆಟ್ಟಗಳ ಮೇಲೆ ಇನ್ನು ಏಳುವ ಯಂತ್ರಗಳು ಸಾರ್ವಜನಿಕ ಒಡೆತನದಲ್ಲಿ ಏಳಲಿ. ಅವುಗಳ ಅಗ್ಗದ ಯೂನಿಟ್ಟು ಎಲ್ಲರ ದರಕ್ಕೂ ಸೇರಲಿ. ಯಂತ್ರ ನಿಂತ ಊರಿನ ಪಂಚಾಯತಿಗೂ ಭೂಹೀನರಿಗೂ ವರಮಾನದಲ್ಲಿ ಪಾಲು ದೊರೆಯಲಿ. ಸ್ವಂತ ಸ್ಥಾವರದ ಹೆಸರಿನ ವಿನಾಯಿತಿ ದೊಡ್ಡ ಉದ್ಯಮಕ್ಕೆ ನಿಲ್ಲಲಿ. ಅದೇ ನಿಯಮ ನೋಂದಾಯಿತ ಸಹಕಾರ ಸಂಘಕ್ಕೂ ಬಾಗಿಲು ತೆರೆದಿದೆ. ಆ ಬಾಗಿಲಲ್ಲಿ ಕಾರ್ಮಿಕರೂ ವರ್ತಕರೂ ಸಂಘ ಕಟ್ಟಿಕೊಂಡು ಒಳಹೋಗಲು ಸರ್ಕಾರ ಸಾಲವನ್ನೂ ನೆಲವನ್ನೂ ಒದಗಿಸಲಿ.

ಬೆಟ್ಟಕ್ಕೆ ಪಟ್ಟಾ ಬರೆಯಬಹುದು, ಗಾಳಿಗೆ ಬರೆಯಲು ಯಾರಿಗೂ ಅಧಿಕಾರವಿಲ್ಲ. ಈ ಮಾತನ್ನು ಯೂನಿಯನ್ ಸಭೆಯಲ್ಲೂ ವರ್ತಕರ ಸಂಘದಲ್ಲೂ ಠರಾವು ಮಾಡಿ, ದರ ನಿಗದಿಯ ಬಹಿರಂಗ ವಿಚಾರಣೆಗೆ ಗುಂಪಾಗಿ ಹೋಗಿ ಹೇಳಿರಿ.