ಅಂಗಳದಲ್ಲೂ ಗಣಿತ ಕಲಿಸಿ



ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಸಂಖ್ಯೆ ಮೊದಲು ಕೈಕಾಲಿಗೆ ದಕ್ಕುತ್ತದೆ, ಆಮೇಲೆ ಪಾಟಿಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಹಾಡು, ಆಟಗಳನ್ನು ತರಗತಿಯೊಳಗೆ ತಂದಿತು. ಗಣಿತದಲ್ಲಿ ಅದನ್ನು ಇನ್ನಷ್ಟು ಮುಂದೆ ಒಯ್ಯಬಹುದು.

ನೆಲದ ಮೇಲೆ 0ಯಿಂದ 20ರವರೆಗೆ ಸಂಖ್ಯಾರೇಖೆ ಇದ್ದರೆ ಸಾಕು. 7ರ ಮೇಲೆ ನಿಂತ ಮಗು ಐದು ಸಲ ಮುಂದೆ ಜಿಗಿದರೆ 12, ಅಲ್ಲಿಂದ ನಾಲ್ಕು ಸಲ ಹಿಂದೆ ಬಂದರೆ 8. ಕೂಡುವಾಗ ನಿಂತ ಮನೆಯನ್ನೇ ಒಂದೆಂದು ಎಣಿಸುವುದು ಈ ವಯಸ್ಸಿನ ಸಾಮಾನ್ಯ ತಪ್ಪು. ಮನೆಯನ್ನು ಬಿಟ್ಟು ಜಿಗಿತವನ್ನು ಎಣಿಸಿದಾಗ ಆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ಎರಡೆರಡು, ಐದೈದು ಮನೆ ದಾಟಿಸಿದರೆ ಅದೇ ಮಗ್ಗಿ. ಖೋ-ಖೋದಲ್ಲಿ ಸಾಲಾಗಿ ಕೂರುವ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿರುತ್ತಾರೆ. ಬೆಸ-ಸಮ ಸಂಖ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಲು ಬೇಕಿಲ್ಲ.

ಆದರೆ ಬರೀ ಕುಣಿತ ಗಣಿತವಲ್ಲ. ಜಿಗಿಯುವ ಮೊದಲು ಉತ್ತರ ಊಹಿಸಬೇಕು, ಜಿಗಿದ ಮೇಲೆ 7 + 5 = 12 ಎಂದು ಪಾಟಿಯಲ್ಲಿ ಬರೆಯಬೇಕು.

ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಈ ಜಿಗಿತದ ಕಲಿಕೆಗೆ ಇನ್ನೊಂದು ಬೆಲೆಯಿದೆ. ಮನೆಯಲ್ಲಿ ಮರಾಠಿ, ಕೊಂಕಣಿ ಆಡುವ ಮಗುವಿಗೂ ‘ಕೂಡು’, ‘ಕಳೆ’ ಎಂಬ ಮಾತಿನ ಅರ್ಥ ಹೆಜ್ಜೆಯಲ್ಲೇ ತಿಳಿಯುತ್ತದೆ. ಲೋಂಡಾದ ಮಳೆಗಾಲದಲ್ಲಿ ಶಾಲೆಯ ಅಂಗಳ ಕೆಸರಾಗುವುದರಿಂದ ಸಂಖ್ಯಾರೇಖೆಯನ್ನು ಪಡಸಾಲೆಯ ನೆಲದಲ್ಲೇ ಬಣ್ಣದಿಂದ ಬರೆಸುವುದು ಸೂಕ್ತ. ಶಾಲಾಭಿವೃದ್ಧಿ ಸಮಿತಿಗಳು ಜೂನ್‌ಗೆ ಮೊದಲೇ ಈ ಕೆಲಸ ಮುಗಿಸಲಿ.

– ಓದುಗರು, ಲೋಂಡಾ