ಎರಡನೇ ಹುಡುಗನ ಪರವಾಗಿ ಎರಡು ಮಾತು

ಕೊರಿಯಾ ಸೀರಿಯಲ್ ನೋಡೋದ್ರಲ್ಲಿ ಈಗ ನಮ್ಮ ಕಡೆಯವರೇನೂ ಹಿಂದೆ ಬಿದ್ದಿಲ್ಲ ಕಣ್ರೇ. ಕೊಬ್ಬರಿ ಸುಲಿಯೋಕೆ ಕೂತಾಗ್ಲೂ ಒಂದು ಫೋನು ಚೀಲಕ್ಕೆ ಒರಗಿಕೊಂಡಿರ್ತದೆ. ಭಾಷೆ ಬರದಿದ್ರೂ ಕತೆ ಅರ್ಥ ಆಗ್ತದೆ. ಯಾಕಂದ್ರೆ ಮುಕ್ಕಾಲು ಪಾಲು ಅದೇ ಕತೆ: ಹುಡುಗಿ ಒಬ್ಬಳು, ಹುಡುಗರು ಇಬ್ಬರು. ಮೊದಲನೆಯವನು ದುಡ್ಡಿರೋನು, ಮೂಗಿನ ತುದೀಲೇ ಸಿಟ್ಟು. ಎರಡನೆಯವನು ಮೆತ್ತಗಿನೋನು, ಮಳೆ ಬಂದ್ರೆ ಛತ್ರಿ ಹಿಡೀತಾನೆ, ಅವಳು ಅತ್ರೆ ಸುಮ್ಮನೆ ಪಕ್ಕ ಕೂರ್ತಾನೆ. 16 ಕಂತು ಮುಗಿಯೋ ಹೊತ್ತಿಗೆ ಹುಡುಗಿ ಮೊದಲನೆಯವನ ಪಾಲು. ನಾವು ಎರಡನೆಯವನಿಗಾಗಿ ಕಣ್ಣೊರೆಸ್ಕೋತೀವಿ. ಹಿಂಗೆ ಮರುಗೋದಕ್ಕೆ ‘ಸೆಕೆಂಡ್ ಲೀಡ್ ಸಿಂಡ್ರೋಮ್’ ಅಂತ ಹೆಸರೇ ಇಟ್ಟವ್ರೆ.

2009ರ ‘ಬಾಯ್ಸ್ ಓವರ್ ಫ್ಲವರ್ಸ್’ ನೋಡಿ. ಡ್ರೈಕ್ಲೀನಿಂಗ್ ಅಂಗಡಿಯವರ ಮಗಳು ಜಾನ್‌ಡಿ. ಶ್ರೀಮಂತರ ಮಗ ಜುನ್‌ಪ್ಯೋ ಇಡೀ ಶಾಲೇನೇ ಎತ್ತಿಕಟ್ಟಿ ಅವಳನ್ನ ಕಾಡ್ತಾನೆ. ಪಿಟೀಲು ನುಡಿಸೋ ಜಿಹೂ ಕಷ್ಟಕ್ಕೆ ಆಗ್ತಾನೆ. ಗೆದ್ದೋನು ಮಾತ್ರ ಕಾಡಿದವನು. ಇದು ನನಗೆ ಸರಿ ಬರಲ್ಲ. ಮಣಿಕಟ್ಟು ಹಿಡಿದು ದರದರ ಎಳ್ಕೊಂಡು ಹೋಗೋದನ್ನ ಹಾಡು ಹಾಕಿ ಪ್ರೀತಿ ಅಂತ ತೋರಿಸ್ತಾರೆ. ತಿಪಟೂರಿಗೆ ಬಸ್ಸಲ್ಲಿ ಕಾಲೇಜಿಗೆ ಹೋಗೋ ನಮ್ಮ ಹುಡುಗೀರನ್ನ ಯಾವನಾದ್ರೂ ಹಂಗೆ ಎಳೆದ್ರೆ ನಾವು ಹಾಡು ಹಾಕ್ತೀವಾ? ಪೊರಕೆ ತಗೊಂಡು ಹೋಗ್ತೀವಿ.

ಆದ್ರೂ ಒಂದು ವಿಷಯಕ್ಕೆ ಈ ಕತೆಗಳನ್ನ ಮೆಚ್ತೀನಿ. 2020ರ ‘ಸ್ಟಾರ್ಟ್ ಅಪ್’ನಲ್ಲಿ ಜಿಪ್ಯಾಂಗ್ ಅನ್ನೋ ಅನಾಥ ಹುಡುಗ, ಆಸರೆ ಕೊಟ್ಟ ಅಜ್ಜಿ ಕೇಳಿದ್ಲು ಅಂತ, ಅವಳ ಮೊಮ್ಮಗಳು ದಾಲ್‌ಮಿಗೆ ಬೇರೆಯವನ ಹೆಸರಲ್ಲಿ ಕಾಗದ ಬರೀತಾನೆ. ವರ್ಷಗಳಾದ ಮೇಲೆ ಆ ಹೆಸರಿನವನೇ ಎದುರಿಗೆ ಬರ್ತಾನೆ. ದಾಲ್‌ಮಿ ಒಪ್ಪೋದು ಅವನನ್ನೇ. ಕಾಗದ ಬರೆದವನು ಏನು ಮಾಡ್ದ? ಆಸಿಡ್ ಹಿಡ್ಕೊಂಡು ಬರ್ಲಿಲ್ಲ, ಅವಳ ಮಾನ ಬೀದಿಗೆ ಎಳೀಲಿಲ್ಲ. ನೋವು ನುಂಗಿಕೊಂಡು ದೂರ ಸರಿದ. ‘ಬೇಡ’ ಅಂದ್ರೆ ಬೇಡ ಅಂತ ತಿಳ್ಕೊಂಡ.

ನಮ್ಮ ಸಿನಿಮಾದಲ್ಲಿ ಇದಕ್ಕೆ ತ್ಯಾಗ ಅಂತಾರೆ. ಅಲ್ಲೇ ನನಗೆ ತಕರಾರು. 2006ರ ‘ಮುಂಗಾರು ಮಳೆ’ಯಲ್ಲಿ ನಂದಿನಿ ಮನಸ್ಸು ಪ್ರೀತಮ್ ಕಡೆ ವಾಲಿತ್ತು. ಆದ್ರೂ ಪ್ರೀತಮ್ ತಾನೇ ತೀರ್ಮಾನ ಮಾಡಿ ಗೌತಮ್‌ಗೆ ಬಿಟ್ಟುಕೊಟ್ಟ. ನಾವೂ ಗಳಗಳ ಅತ್ವಿ. ಬಿಟ್ಟುಕೊಡೋಕೆ ಅವಳೇನು ಎರಡು ತೋಟದ ಬದುವಿನ ಮೇಲಿರೋ ತೆಂಗಿನ ಮರಾನಾ? ಅದಕ್ಕೂ ಹಿಂದೆ, 1974ರ ‘ಎರಡು ಕನಸು’. ರಾಮು ಮನಸ್ಸಲ್ಲಿ ಲಲಿತ, ಮನೇಲಿ ತಾಳಿ ಕಟ್ಟಿದ ಗೌರಿ. ಅವನ ಮನಸ್ಸು ತಿರುಗೋವರೆಗೂ ಗೌರಿ ಕಾಯ್ತಾನೇ ಇರಬೇಕು. ನಮ್ಮಮ್ಮನ ಕಾಲದೋರು ಅದನ್ನ ತಾಳ್ಮೆ ಅಂತ ಹೊಗಳಿದ್ರು. ಪಾಪ, ಅವಳಿಗೆ ಬೇರೆ ದಾರಿ ಎಲ್ಲಿತ್ತು?

ಕೊರಿಯಾ ಹುಡುಗಿಗೆ ಯೋಚನೆ ಮಾಡೋಕೆ 16 ಕಂತು ಸಿಗ್ತದೆ. ನಮ್ಮ ಹುಡುಗಿಗೆ? ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಕಾಫಿ ಕುಡಿಯೋ ಹೊತ್ತು. ಆಮೇಲೆ ದೊಡ್ಡಪ್ಪ ‘ಒಪ್ಪಿಗೇನಾ ಮಗಾ?’ ಅಂತಾರೆ. ಅಷ್ಟೊತ್ತಿಗೆ ಒಳಗೆ ಛತ್ರದ ಮಾತೇ ಶುರುವಾಗಿರ್ತದೆ. ತಲೆ ತಗ್ಗಿಸಿದ್ರೆ ಒಪ್ಪಿದ ಲೆಕ್ಕ. ಕೊಬ್ಬರಿಗಾದ್ರೆ ನಾವು 10-12 ತಿಂಗಳು ಕಾಯ್ತೀವಿ. ಅಲ್ಲಾಡಿಸಿದ್ರೆ ಒಳಗೆ ಗಿಟುಕು ಸದ್ದು ಮಾಡೋವರೆಗೂ ಅಟ್ಟದಿಂದ ಇಳಿಸಲ್ಲ. ಹೆಣ್ಣುಮಗಳಿಗೆ ಹತ್ತು ದಿನ ಕೊಡೋಕೆ ಆಗಲ್ವಾ?

ಅದಕ್ಕೇ ಅಕ್ಕಂದಿರೇ, ಗಂಡು ಬರೋಕೆ ಮುಂಚೇನೇ ಹುಡುಗೀನ ಹಿತ್ತಲಿಗೆ ಕರೆದು ಕೇಳಿ. ಬಂದು ಹೋದ ಮೇಲೆ ಇನ್ನೊಂದು ಸಲ ಕೇಳಿ. ಮನೇಲಿ ಗಂಡುಮಕ್ಕಳಿದ್ರೆ ಪಕ್ಕ ಕೂರಿಸ್ಕೊಂಡು ಈ ಎರಡನೇ ಹುಡುಗನ್ನ ತೋರಿಸಿ. ಅವನು ಸೋತ ಅನ್ನಬೇಡಿ. ಬೇಡ ಅನ್ನಿಸ್ಕೊಂಡೂ ಮರ್ಯಾದೆಯಾಗಿ ಮನೆಗೆ ಹೋದ ಅನ್ನಿ.